ನೀರೊಳಗಿದ್ದೂ ಬೆವರುವ ದೊರೆ

ಮುಂದಿನ ಜಾತ್ರೆಗೆಂದು ನಮ್ಮ ಹವ್ಯಾಸಿ ತಂಡಕ್ಕೆ ನಾನೊಂದು ರಾಜಕೀಯ ವಿಡಂಬನೆಯ ನಾಟಕ ಬರೆಯುತ್ತಿದ್ದೇನೆ. ಅದರ ಖಳನಾಯಕ ಒಬ್ಬ ಕ್ರೂರ ಸರ್ವಾಧಿಕಾರಿ. ಅವನ ರಾಜ್ಯಕ್ಕೆ ಭೂಪಟದಲ್ಲಿ ಜಾಗವಿಲ್ಲ, ಅವನ ಕಾಲಕ್ಕೆ ಪಂಚಾಂಗದಲ್ಲಿ ತಿಥಿಯಿಲ್ಲ; ಆದರೆ ಅವನು ರಂಗಕ್ಕೆ ಬರುವ ರೀತಿ ಮಾತ್ರ ನಮ್ಮ ಮುಧೋಳ, ಜಮಖಂಡಿ ಕಡೆಯ ದೊಡ್ಡಾಟದ್ದೇ. ತಂಡದಲ್ಲಿ ಕಬ್ಬು ಬೆಳೆಯುವವರಿದ್ದಾರೆ, ಶಾಲೆಯ ಮಾಸ್ತರರಿದ್ದಾರೆ, ಔಷಧದ ಅಂಗಡಿ ಇಟ್ಟುಕೊಂಡ ಒಬ್ಬರಿದ್ದಾರೆ, ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರಿದ್ದಾರೆ. ಕಬ್ಬಿನ ಹಂಗಾಮು ಮುಗಿಯುವ ತನಕ ತಾಲೀಮಿಗೆ ಎಲ್ಲರೂ ಒಟ್ಟಿಗೆ ಸಿಗುವುದಿಲ್ಲವಾದ್ದರಿಂದ, ಬರೆಯುವುದಕ್ಕೂ ಬರೆದದ್ದರ ಮೇಲೆ ವಾದ ಮಾಡುವುದಕ್ಕೂ ಈ ಸಲ ಸಾಕಷ್ಟು ಬಿಡುವು ಸಿಕ್ಕಿದೆ. ವಾದವೆಲ್ಲ ನಡೆದಿರುವುದು ಖಳನನ್ನು ಎಷ್ಟರ ಮಟ್ಟಿಗೆ ನಗೆಪಾಟಲು ಮಾಡಬೇಕು ಎಂಬುದರ ಮೇಲೆ. “ಮಂದಿ ನಗಾಕ ಬರ್ತಾರ್ರಿ ಸರ, ಎದಿ ಒಡಕೊಳ್ಳಾಕಲ್ಲ” ಎಂಬುದು ತಂಡದ ಹಿರಿಯರ ಪಟ್ಟು. ಬಹಳ ವರ್ಷ ದೊಡ್ಡಾಟದಲ್ಲಿ ಕುಣಿದವರು ಅವರು. ಮಂದಿಯ ನಾಡಿ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಆದರೂ ಪ್ರೇಕ್ಷಕರನ್ನು ಬರೀ ನಗಿಸಿ ಮನೆಗೆ ಕಳಿಸುವ ಸರ್ವಾಧಿಕಾರಿ ಕಡೆಯವರೆಗೂ ಖಳನಾಗಿ ಉಳಿಯುವುದಿಲ್ಲ, ಎರಡನೆಯ ಅಂಕ ಮುಟ್ಟುವಷ್ಟರಲ್ಲಿ ಎಲ್ಲರ ಮುದ್ದಿನ ಸೋದರಮಾವನಾಗಿಬಿಡುತ್ತಾನೆ ಎಂಬ ಹೆದರಿಕೆ ನನ್ನದು.

ದೊಡ್ಡಾಟದಲ್ಲಿ ರಾಜನ ಪಾತ್ರ ಬಂದ ಕೂಡಲೇ ಕಥೆಗೆ ಇಳಿಯುವುದಿಲ್ಲ. ಕಿರೀಟ, ಭುಜಕೀರ್ತಿಗಳ ಭಾರ ಹೊತ್ತು, ಮದ್ದಳೆಯ ಪೆಟ್ಟಿಗೆ ಅಟ್ಟ ಅದುರುವಂತೆ ಹೆಜ್ಜೆ ಹಾಕಿ ಅವನು ನಿಂತ ಮೇಲೆ, ಸಾರಥಿ ಎದುರಿಗೆ ಬಂದು ಅವನ ಊರು, ಹೆಸರು, ಬಂದ ಕಾರಣ ಎಲ್ಲವನ್ನೂ ಕೇಳುತ್ತಾನೆ. ಮೂರು ಲೋಕದ ಗಂಡನೆಂದು ಅಬ್ಬರಿಸಿ ಬಂದವನಿಗೂ ಈ ಸಾಮಾನ್ಯನ ಮುಂದೆ ತಾನು ಯಾರೆಂದು ಹೇಳಿಕೊಳ್ಳದೆ ಗತಿಯಿಲ್ಲ. ವಿಡಂಬನೆ ಒಳಗೆ ಬರಲು ನಮ್ಮ ಹಿರಿಯರು ಮಾಡಿಟ್ಟ ಈ ಬಾಗಿಲನ್ನೇ ನಾನು ಬಳಸಿಕೊಂಡಿದ್ದೇನೆ. ಮೊದಲ ದೃಶ್ಯದ ಒಂದು ತುಣುಕು ಹೀಗಿದೆ:

“ಎಲೈ ಸಾರಥಿ, ನಾನು ಯಾರೆಂಬುದನ್ನು ಬಲ್ಲೆಯಾ?”

“ಗೊತ್ತಿದ್ರ ಯಾಕ ಕೇಳ್ತಿದ್ನಿ ದೇವರೂ?”

“ಭೂಮಿಯ ಮೇಲಿನ ಸಕಲ ಮೃಗಗಳಿಗೂ, ಸಮುದ್ರದೊಳಗಿನ ಸಕಲ ಮೀನುಗಳಿಗೂ ನಾನೇ ಒಡೆಯನು!”

“ಇದು ಆ ಮೀನಿಗೆ ಗೊತ್ತೈತೇನ್ರಿ?”

“ಮೀನುಗಳೆಲ್ಲವೂ ಒಪ್ಪಿ ಸಹಿ ಮಾಡಿರುವವು!”

“ಸಮುದ್ರದ ಮೀನ ಆತ್ರಿ. ನಮ್ಮ ಘಟಪ್ರಭಾ ಹೊಳ್ಯಾಗಿನ ಮೀನ ಯಾರ ಪಾಲಿಗೆ ಬರ್ತಾವು?”

“ಅದಕ್ಕೆ ನಾಳೆ ಬೆಳಗ್ಗೆ ಕಾಯಿದೆ ಮಾಡುವೆನು!”

ಮೃಗಗಳ ಮತ್ತು ಮೀನುಗಳ ಒಡೆತನದ ಮಾತು ನನ್ನ ಕಲ್ಪನೆಯಲ್ಲ. 1971ರ ಜನವರಿಯಲ್ಲಿ ಸೇನಾ ದಂಗೆಯ ಮೂಲಕ ಉಗಾಂಡವನ್ನು ವಶಪಡಿಸಿಕೊಂಡ ಇದಿ ಅಮೀನ್, ತನ್ನ ಹೆಸರಿನ ಹಿಂದೆ ಮುಂದೆ ಹಚ್ಚಿಕೊಂಡಿದ್ದ ಬಿರುದುಗಳಲ್ಲಿ ಇದೂ ಒಂದು. ಆಜೀವ ಅಧ್ಯಕ್ಷ, ಫೀಲ್ಡ್ ಮಾರ್ಷಲ್, ಡಾಕ್ಟರ್ ಮುಂತಾದವುಗಳ ಜೊತೆಗೆ, ಆಫ್ರಿಕದಲ್ಲಿ ಸಾಮಾನ್ಯವಾಗಿಯೂ ಉಗಾಂಡದಲ್ಲಿ ವಿಶೇಷವಾಗಿಯೂ ಬ್ರಿಟಿಷ್ ಸಾಮ್ರಾಜ್ಯವನ್ನು ಗೆದ್ದವನು ಎಂಬ ಬಿರುದೂ ಆ ಸಾಲಿನಲ್ಲಿತ್ತು. ಇದನ್ನು ಓದಿದಾಗ ತಂಡದ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ತೊಡಕು ಶುರುವಾದದ್ದು ಅಲ್ಲಿಯೇ. ಅಮೀನ್ ಆಳುತ್ತಿದ್ದಾಗ ಹೊರಗಿನ ಜಗತ್ತೂ ಹೀಗೆಯೇ ನಗುತ್ತಿತ್ತು. ಲಂಡನ್ನಿನ ಹಾಸ್ಯಪತ್ರಿಕೆ ‘ಪಂಚ್’ನಲ್ಲಿ ಅವನ ದನಿಯನ್ನು ಅಣಕಿಸುವ ಅಂಕಣವೇ ಬರುತ್ತಿತ್ತು, ಅವನ ಮೈಕಟ್ಟು, ಪದಕಗಳು, ಹರುಕು ಇಂಗ್ಲಿಷ್ ಎಲ್ಲವೂ ಮನರಂಜನೆಯ ಸರಕಾಗಿದ್ದವು. ಅದೇ ಮನುಷ್ಯ 1972ರ ಆಗಸ್ಟಿನಲ್ಲಿ ದೇಶದೊಳಗಿನ ಏಷ್ಯನ್ನರಿಗೆ, ಅವರಲ್ಲಿ ಬಹಳಷ್ಟು ಮಂದಿ ಗುಜರಾತಿ ಮೂಲದವರು, 90 ದಿನಗಳೊಳಗೆ ಜಾಗ ಖಾಲಿ ಮಾಡಲು ಆಜ್ಞೆ ಹೊರಡಿಸಿದ. ಅವನ ಎಂಟು ವರ್ಷಗಳ ಆಳ್ವಿಕೆಯಲ್ಲಿ ಕೊಲೆಯಾದವರು ಮೂರು ಲಕ್ಷದವರೆಗೂ ಇರಬಹುದೆಂಬ ಅಂದಾಜುಗಳಿವೆ. ಬಿರುದುಗಳ ಗದ್ದಲದಲ್ಲಿ ಆ ಹೆಣಗಳು ಯಾರ ಕಣ್ಣಿಗೂ ಬೀಳಲಿಲ್ಲ ಎಂದರೆ ಅತಿಶಯೋಕ್ತಿಯಾದೀತು. ಆದರೆ ಅವನೊಬ್ಬ ಕೋಡಂಗಿ ಎಂಬ ಮಾತು ಅವನೊಬ್ಬ ಕೊಲೆಗಡುಕ ಎಂಬ ಮಾತಿಗಿಂತ ಮುಂದೆ ಓಡಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಬಿರುದುಗಳ ವಿಷಯದಲ್ಲಿ ಇನ್ನೊಂದು ತೊಂದರೆಯಿದೆ. ಸರ್ವಾಧಿಕಾರಿಯ ಆಸ್ಥಾನದಲ್ಲಿ ಹೊಗಳಿಕೆ ಎಷ್ಟು ಮಿತಿಮೀರಿರುತ್ತದೆ ಎಂದರೆ, ಅಲ್ಲಿ ಗೇಲಿಯೂ ಹೊಗಳಿಕೆಯಾಗಿ ಸಲ್ಲುತ್ತದೆ. 1974ರಲ್ಲಿ ರುಮೇನಿಯದ ನಿಕೊಲೆ ಚೌಷೆಸ್ಕು ಅಧ್ಯಕ್ಷಗಿರಿಯ ಜೊತೆಗೆ ಕೈಯಲ್ಲೊಂದು ರಾಜದಂಡವನ್ನೂ ಹಿಡಿದ. ಚಿತ್ರಕಾರ ಸಾಲ್ವಡಾರ್ ಡಾಲಿ ಆ ರಾಜದಂಡಕ್ಕಾಗಿ ಅವನನ್ನು ಅಭಿನಂದಿಸಿ ಒಂದು ತಂತಿ ಕಳಿಸಿದ. ಅದು ಕುಚೋದ್ಯವೆಂಬುದು ಓದಿದ ಯಾರಿಗಾದರೂ ತಿಳಿಯಬೇಕು. ಪಕ್ಷದ ಮುಖಪತ್ರಿಕೆಯಾಗಿದ್ದ ‘ಸ್ಕಂತೆಯಾ’ ಮಾತ್ರ ಅದನ್ನು ಗಂಭೀರವಾಗಿಯೇ ಅಚ್ಚು ಹಾಕಿತು. ಅದು ಕುಚೋದ್ಯವೆಂದು ಹೊಳೆದ ಸಂಪಾದಕನೇನಾದರೂ ಅಲ್ಲಿದ್ದಿದ್ದರೆ ಅವನಾದರೂ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಹೇಳಿದರೆ, ದೊರೆಯನ್ನು ನೋಡಿ ನಗಬಹುದು ಎಂಬುದನ್ನು ತಾನು ಬಲ್ಲೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಇಂಥ ದೊರೆಯನ್ನು ಬಿರುದಿನ ಉತ್ಪ್ರೇಕ್ಷೆಯಿಂದ ಅಣಕಿಸಹೊರಟ ನಾಟಕಕಾರ ಅವನ ಹಿಂದೆಯೇ ಉಳಿದುಬಿಡುತ್ತಾನೆ.

ಹಾಗಾದರೆ ಖಳತನವನ್ನು ಎಲ್ಲಿ ತೋರಿಸಬೇಕು? ನನಗೆ ದಾರಿ ಕಾಣಿಸಿದ್ದು ಮಧ್ಯ ಆಫ್ರಿಕದ ಬೊಕಾಸಾನ ಚರಿತ್ರೆಯಲ್ಲಿ. 1977ರ ಡಿಸೆಂಬರ್ 4ರಂದು ಅವನು ತನಗೆ ತಾನೇ ಚಕ್ರವರ್ತಿಯ ಪಟ್ಟ ಕಟ್ಟಿಕೊಂಡ. ನೆಪೋಲಿಯನ್ನನ ಪಟ್ಟಾಭಿಷೇಕವೇ ಅವನಿಗೆ ಮಾದರಿ. ರೆಕ್ಕೆ ಬಿಚ್ಚಿದ ದೈತ್ಯ ಹದ್ದಿನ ಆಕಾರದ ಸಿಂಹಾಸನ, ವಜ್ರ ಬಿಗಿದ ಕಿರೀಟ, ಬಿಳಿಯ ಕುದುರೆಗಳ ರಥ. ಸುಮಾರು 2 ಕೋಟಿ ಡಾಲರ್ ಖರ್ಚಾಯಿತು ಎನ್ನುತ್ತಾರೆ, ಅದೂ ಜಗತ್ತಿನ ಅತಿ ಬಡ ದೇಶಗಳಲ್ಲೊಂದರಲ್ಲಿ. ಇಷ್ಟರವರೆಗೆ ಇದು ನಮ್ಮ ತಂಡದ ಹಿರಿಯರು ಬಯಸುವ ನಾಟಕ. ಆದರೆ ಪಟ್ಟಾಭಿಷೇಕದ ಒಂದು ವರ್ಷದ ನಂತರ ಶಾಲೆಯ ಮಕ್ಕಳೆಲ್ಲರೂ ಒಂದು ಹೊಸ ಸಮವಸ್ತ್ರವನ್ನು ಕೊಳ್ಳಲೇಬೇಕೆಂಬ ಆಜ್ಞೆ ಹೊರಟಿತು. ಬಟ್ಟೆ ತಯಾರಾಗುತ್ತಿದ್ದದ್ದು ಚಕ್ರವರ್ತಿಯ ಕುಟುಂಬದ ಒಡೆತನದ ಕಾರ್ಖಾನೆಯಲ್ಲಿ, ಅದರ ಬೆಲೆ ಬಡವರ ಕೈಗೆ ಎಟುಕದ್ದು. ಇಲ್ಲಿಯೂ ನಗಬಹುದು, ಬೀಗರ ಅಂಗಡಿಯಿಂದಲೇ ಸಾಮಾನು ತರಬೇಕೆಂದು ಹಟ ಹಿಡಿಯುವ ಊರ ಪ್ರಮುಖರನ್ನು ನಾವೂ ಕಂಡಿದ್ದೇವೆ. ಮಕ್ಕಳು 1979ರ ಜನವರಿಯಲ್ಲಿ ರಾಜಧಾನಿ ಬಾಂಗಿಯ ಬೀದಿಗಿಳಿದು ಪ್ರತಿಭಟಿಸಿದರು, ಕಲ್ಲು ತೂರಿದರು. ಏಪ್ರಿಲ್‌ನಲ್ಲಿ ಅವರನ್ನು ಹಿಡಿದು ಸೆರೆಮನೆಗೆ ತುಂಬಿದರು. ಸುಮಾರು ನೂರು ಮಕ್ಕಳು ಅಲ್ಲಿ ಸತ್ತರೆಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಜಗತ್ತಿಗೆ ತಿಳಿಸಿತು. ಅದುವರೆಗೂ ಅವನ ಪಟ್ಟಾಭಿಷೇಕಕ್ಕೆ ಹಣ ಹೊಂದಿಸಿಕೊಟ್ಟಿದ್ದ ಫ್ರಾನ್ಸ್ ಅದೇ ಸೆಪ್ಟೆಂಬರಿನಲ್ಲಿ ತನ್ನ ಸೈನಿಕರನ್ನು ಇಳಿಸಿ ಅವನನ್ನು ಕೆಳಗಿಳಿಸಿತು.

ಹದ್ದಿನ ಸಿಂಹಾಸನಕ್ಕೂ ಆ ಸೆರೆಮನೆಗೂ ನಡುವೆ ಇರುವುದು ಒಂದು ಸಮವಸ್ತ್ರ. ವಿಡಂಬನೆ ಬರೆಯುವವನು ಹುಡುಕಬೇಕಾದದ್ದು ಇಂಥ ವಸ್ತುವನ್ನೇ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಒಂದು ತುದಿಯಲ್ಲಿ ಹಿಡಿದರೆ ನಗು ಬರಿಸುವ ಅದೇ ವಸ್ತು ಇನ್ನೊಂದು ತುದಿಯಲ್ಲಿ ಕೊಲೆಗೆ ಅಂಟಿಕೊಂಡಿರುತ್ತದೆ. ನನ್ನ ನಾಟಕದ ದೊರೆ ಹುಟ್ಟಿದ ಕೂಸಿನಿಂದ ಹಿಡಿದು ಎಲ್ಲರೂ ರುಮಾಲು ಸುತ್ತಲೇಬೇಕೆಂದು ಕಾಯಿದೆ ಮಾಡುತ್ತಾನೆ; ರುಮಾಲನ್ನು ನೇಯುವ ಹಕ್ಕು ಅವನ ಅಳಿಯನ ಮಗ್ಗಗಳಿಗೆ ಮಾತ್ರ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ ನೇಯುವ ನೇಕಾರರು ತಮ್ಮ ಮಗ್ಗಗಳನ್ನು ಬಿಟ್ಟು ಅಳಿಯನ ಮನೆಯಲ್ಲಿ ಕೂಲಿಗೆ ನಿಲ್ಲುತ್ತಾರೆ. ತೊಟ್ಟಿಲ ಕೂಸಿಗೆ ಹನ್ನೆರಡು ಮೊಳದ ರುಮಾಲು ಸುತ್ತುವ ದೃಶ್ಯಕ್ಕೆ ತಾಲೀಮಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಅದರ ಮರುದೃಶ್ಯದಲ್ಲಿ ಒಬ್ಬ ನೇಕಾರ ತನ್ನ ಮಗನಿಗೆ ತಾನೇ ನೇಯ್ದ ಬೇರೊಂದು ರುಮಾಲು ಸುತ್ತಿ ಶಾಲೆಗೆ ಕಳಿಸುತ್ತಾನೆ, ಸಂಜೆ ರುಮಾಲು ಮಾತ್ರ ಮನೆಗೆ ಬರುತ್ತದೆ. ತಂದವನು ಅದರ ತೂಕ ಮಾಡಿ ಬಟ್ಟೆಯ ಸುಂಕ ಕೇಳುತ್ತಾನೆ. ಹಿರಿಯರಿಗೆ ಈ ದೃಶ್ಯ ಇಷ್ಟವಿಲ್ಲ. ಆದರೆ ಅದನ್ನು ತೆಗೆದುಬಿಡಿ ಎಂದೂ ಅವರು ಹೇಳಿಲ್ಲ. ಸುಂಕದ ಮಾತನ್ನು ಆದಷ್ಟು ಮೆಲ್ಲಗೆ, ಲೆಕ್ಕ ಬರೆಯುವವನ ದನಿಯಲ್ಲಿ ಆಡಬೇಕೆಂದು ಆ ಪಾತ್ರದ ಹುಡುಗನಿಗೆ ಅವರೇ ಹೇಳಿಕೊಟ್ಟರು.

ಈ ವಿಷಯದಲ್ಲಿ ಚಾಪ್ಲಿನ್ ಎಲ್ಲರಿಗಿಂತ ಮುಂದೆ ಹೋಗಿದ್ದ. 1940ರ ‘ದಿ ಗ್ರೇಟ್ ಡಿಕ್ಟೇಟರ್’ ಎಂದರೆ ಎಲ್ಲರಿಗೂ ನೆನಪಾಗುವುದು ಭೂಗೋಳದ ಬಲೂನಿನ ಜೊತೆ ಹಿಂಕೆಲ್, ಅಂದರೆ ಹಿಟ್ಲರನ ಅಣಕು ಪಾತ್ರ, ಆಡುವ ಆಟ. ಸುಂದರವಾದ ದೃಶ್ಯವೇ, ಆದರೆ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ದೃಶ್ಯ ಸಂಶೋಧಕರದು. ಗುಂಡು ತಾಗದ ಉಡುಪು ಕಂಡುಹಿಡಿದೆನೆಂದು ಒಬ್ಬ ಬರುತ್ತಾನೆ. ಹಿಂಕೆಲ್ ಅವನ ಮೇಲೆ ಗುಂಡು ಹಾರಿಸುತ್ತಾನೆ, ಅವನು ಸತ್ತು ಬೀಳುತ್ತಾನೆ. ಪ್ಯಾರಾಚೂಟಿನ ಟೋಪಿ ಕಂಡುಹಿಡಿದ ಇನ್ನೊಬ್ಬ ಕಿಟಕಿಯಿಂದ ಹಾರಿ ಪ್ರಾಣ ಬಿಡುತ್ತಾನೆ. ತನ್ನ ಸಮಯ ಹಾಳಾಯಿತಲ್ಲ ಎಂಬುದಷ್ಟೇ ಹಿಂಕೆಲನ ಸಿಟ್ಟು. ನಾವು ನಗುತ್ತಿರುವಾಗಲೇ ಎರಡು ಜೀವ ಹೋಗಿರುತ್ತವೆ, ಮತ್ತು ಆ ನಗುವಿನಲ್ಲಿ ನಾವೂ ಹಿಂಕೆಲನ ಜೊತೆಗೆ ಇರುತ್ತೇವೆ. ಅವನ ಭಾಷಣದ ಅಬ್ಬರಕ್ಕೆ ಹೆದರಿ ಮೈಕುಗಳು ಹಿಂದಕ್ಕೆ ಬಾಗುವುದೂ ಇದೇ ಚಿತ್ರದಲ್ಲಿ. ಜರ್ಮನಿಯ ಯಾತನಾ ಶಿಬಿರಗಳಲ್ಲಿ ನಿಜವಾಗಿ ಏನು ನಡೆಯುತ್ತಿತ್ತೆಂಬುದು ತನಗೆ ಆಗ ತಿಳಿದಿದ್ದರೆ ಈ ಚಿತ್ರವನ್ನು ಮಾಡಲು ಆಗುತ್ತಲೇ ಇರಲಿಲ್ಲವೆಂದು ಚಾಪ್ಲಿನ್ 1964ರ ಆತ್ಮಕಥೆಯಲ್ಲಿ ಬರೆದುಕೊಂಡ. ಆ ಮಾತಿನ ಪ್ರಾಮಾಣಿಕತೆಯನ್ನು ಗೌರವಿಸುತ್ತಲೇ ಹೇಳುತ್ತೇನೆ, ಸಂಶೋಧಕರ ದೃಶ್ಯವನ್ನು ಬರೆದವನಿಗೆ ಹಿಟ್ಲರನ ಸ್ವಭಾವ ಆಗಲೇ ಅರ್ಥವಾಗಿತ್ತು. ಗೊತ್ತಿಲ್ಲದೆ ಇದ್ದದ್ದು ಹೆಣಗಳ ಸಂಖ್ಯೆ.

ಕ್ರೌರ್ಯ ಆಯಿತು. ಖಳನಿಗೆ ಬೇಕಾದ ಇನ್ನೊಂದು ಗುಣ ಭಯ, ಅದನ್ನು ಹುಡುಕಲು ನಾನು ಬಹಳ ದೂರ ಹೋಗಬೇಕಾಗಲಿಲ್ಲ. ಮುಧೋಳದಲ್ಲಿ ಕೂತು ಬರೆಯುವವನ ಬೆನ್ನಿಗೆ ರನ್ನ ಇದ್ದೇ ಇರುತ್ತಾನೆ. ಸಾವಿರ ವರ್ಷಗಳ ಹಿಂದೆ ಈ ಊರಿನ ಬಳೆಗಾರರ ಮನೆತನದಲ್ಲಿ ಹುಟ್ಟಿ, ಚಾಲುಕ್ಯರ ಆಸ್ಥಾನ ಸೇರಿ ಕವಿಚಕ್ರವರ್ತಿ ಅನ್ನಿಸಿಕೊಂಡವನು. ಅವನ ಗದಾಯುದ್ಧದಲ್ಲಿ ಭೀಷ್ಮರ ಮಾತಿನಂತೆ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿ ಕೂರುತ್ತಾನೆ. ದಡದ ಮೇಲೆ ಭೀಮ ಗರ್ಜಿಸುತ್ತಾನೆ. ಆಗ ರನ್ನ ಹೇಳುತ್ತಾನೆ: “ನೀರೊಳಗಿರ್ದುಂ ಬೆಮರ್ತನುರಗಪತಾಕಂ.” ಹಾವಿನ ಬಾವುಟದ ಆ ದೊರೆ ನೀರಿನೊಳಗೆ ಇದ್ದೂ ಬೆವತ. ಶಾಲೆಯಲ್ಲಿ ಈ ಪದ್ಯವನ್ನು ಬಾಯಿಪಾಠ ಮಾಡದವರು ನಮ್ಮ ಕಡೆ ವಿರಳ. ಮಾಸ್ತರರು ಇದನ್ನು ಭೀಮನ ಗರ್ಜನೆಯ ಮಹಿಮೆಯೆಂದು ವಿವರಿಸುತ್ತಿದ್ದರು. ನನಗೀಗ ಅದು ಕನ್ನಡದಲ್ಲಿ ಆಳುವವರ ಭಯದ ಬಗ್ಗೆ ಬಂದಿರುವ ಅತ್ಯಂತ ನಿಖರವಾದ ಸಾಲಾಗಿ ಕಾಣುತ್ತದೆ. ನೀರಿನಲ್ಲಿ ಮುಳುಗಿದವನ ಬೆವರು ಬೇರೆಯವರಿಗೆ ಕಾಣುವುದಿಲ್ಲ. ಅದು ಅವನಿಗೆ ಗೊತ್ತು, ಮತ್ತು ಕವಿಗೆ ಗೊತ್ತು.

ರನ್ನನ ದುರ್ಯೋಧನ ಬರೀ ಹೇಡಿಯಲ್ಲ ಎಂಬುದನ್ನೂ ಹೇಳಬೇಕು. ಹೆಣಗಳು ಹಾಸಿದ ರಣಭೂಮಿಯಲ್ಲಿ ಸಂಜಯನ ಜೊತೆ ನಡೆಯುತ್ತ, ಸತ್ತ ತಮ್ಮನನ್ನೂ ಕರ್ಣನನ್ನೂ ಕಂಡು ಅವನು ಪಡುವ ಸಂಕಟ ಓದುಗರ ಕಣ್ಣು ತೇವ ಮಾಡುತ್ತದೆ. ವೈರಿಯ ಮಗ ಅಭಿಮನ್ಯುವಿನ ಸಾಹಸಕ್ಕೂ ಅವನು ಕೈ ಮುಗಿಯುತ್ತಾನೆ. ಆ ಘನತೆ ಕಾವ್ಯದ ಹಕ್ಕು, ವಿಡಂಬನೆಗೆ ಅದನ್ನು ಕೊಡಲಾಗದು. ಹೀಗಾಗಿ ರನ್ನನಿಂದ ನಾನು ಬೆವರನ್ನು ಮಾತ್ರ ಕಡ ತಂದಿದ್ದೇನೆ. ನನ್ನ ದೊರೆಗೆ ಕೊಲೆಗಾರರ ಭಯ ಹೆಚ್ಚಾಗಿ, ಬಟ್ಟೆಯೊಳಗೆ ಯಾರೂ ಆಯುಧ ಅಡಗಿಸಬಾರದೆಂದು ದರ್ಬಾರನ್ನು ಗುಡಿಯ ಹೊಂಡಕ್ಕೆ ಸಾಗಿಸುತ್ತಾನೆ. ಕುತ್ತಿಗೆಮಟ್ಟ ನೀರಿನಲ್ಲಿ ಸಿಂಹಾಸನ, ಸುತ್ತಲೂ ಎದೆಮಟ್ಟ ನೀರಿನಲ್ಲಿ ಮಂತ್ರಿಗಳು. ಚಳಿಗೆ ಯಾರ ಹಲ್ಲು ಕಟಕಟ ಎಂದವೋ ಅವರು ರಾಜದ್ರೋಹಿಗಳೆಂದು ಪಟ್ಟಿ ಮಾಡಲು ಒಬ್ಬ ಗುಮಾಸ್ತ ದಡದ ಮೇಲಿದ್ದಾನೆ. ಸಾರಥಿ ಬಗ್ಗಿ ದೊರೆಯ ಮುಖವನ್ನು ನೋಡಿ ಹೇಳುವ ಮಾತೊಂದೇ: “ಎಲ್ಲಾರೂ ನಡಗಾಕತ್ತಾರ, ನೀವೊಬ್ಬರ ಬೆವರಾಕತ್ತೀರಲ್ರಿ ದೇವರೂ.”

ಭಯ ಹೀಗೆ ತಿರುಗಿ ಬಂದು ಬಿತ್ತಿದವನನ್ನೇ ಹಿಡಿಯುವುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳಿಗೆ ಬರವಿಲ್ಲ. 1953ರ ಮಾರ್ಚ್ 1ರಂದು ಮಾಸ್ಕೋ ಹೊರವಲಯದ ತನ್ನ ಮನೆಯಲ್ಲಿ ಸ್ಟಾಲಿನ್ ಮಧ್ಯಾಹ್ನವಾದರೂ ಕೋಣೆಯಿಂದ ಹೊರಬರಲಿಲ್ಲ. ಕರೆಯದೆ ಒಳಗೆ ಹೋಗಲು ಕಾವಲುಗಾರರಿಗೆ ಧೈರ್ಯವಿಲ್ಲ. ರಾತ್ರಿ ಹೊತ್ತಾದ ಮೇಲೆ ಒಬ್ಬ ಒಳಹೊಕ್ಕು ನೋಡಿದಾಗ ಅವನು ಪಾರ್ಶ್ವವಾಯು ಬಡಿದು ನೆಲದ ಮೇಲೆ ಬಿದ್ದಿದ್ದ. ವೈದ್ಯರು ಬಂದದ್ದು ಮರುದಿನ ಬೆಳಗ್ಗೆ. ನಾಯಕರನ್ನು ಕೊಲ್ಲಲು ಸಂಚು ಹೂಡಿದ್ದಾರೆಂಬ ಸುಳ್ಳು ಆರೋಪದ ಮೇಲೆ ದೇಶದ ಹೆಸರಾಂತ ವೈದ್ಯರಲ್ಲಿ ಹಲವರು ಆ ಹೊತ್ತಿಗೆ ಸೆರೆಮನೆಯಲ್ಲಿದ್ದರು. ಮಾರ್ಚ್ 5ರಂದು ಅವನು ಸತ್ತ. ಈ ಪ್ರಸಂಗವನ್ನೇ ಇಟ್ಟುಕೊಂಡು 2017ರಲ್ಲಿ ಬಂದ ‘ದಿ ಡೆತ್ ಆಫ್ ಸ್ಟಾಲಿನ್’ ಎಂಬ ವಿಡಂಬನಾ ಚಿತ್ರದ ಪ್ರದರ್ಶನ ಪರವಾನಗಿಯನ್ನು ರಷ್ಯಾ 2018ರ ಜನವರಿಯಲ್ಲಿ ಹಿಂತೆಗೆದುಕೊಂಡಿತು. ಸತ್ತು 65 ವರ್ಷ ಆಗುತ್ತ ಬಂದರೂ ಅವನನ್ನು ನೋಡಿ ನಗುವುದು ಅಲ್ಲಿ ಸಲೀಸಾಗಿರಲಿಲ್ಲ. ಚೌಷೆಸ್ಕುವಿನ ಬೆವರನ್ನಂತೂ ಇಡೀ ದೇಶವೇ ಟೀವಿಯಲ್ಲಿ ನೇರವಾಗಿ ನೋಡಿತು. 1989ರ ಡಿಸೆಂಬರ್ 21ರಂದು ಬಾಲ್ಕನಿಯ ಮೇಲೆ ನಿಂತು ಭಾಷಣ ಮಾಡುತ್ತಿದ್ದಾಗ ಕೆಳಗಿನ ಜನಸಾಗರದಿಂದ ಜಯಕಾರದ ಬದಲು ಬೇರೆಯೇ ಸದ್ದು ಎದ್ದಿತು. ಅವನ ಮಾತು ನಿಂತಿತು, ಎತ್ತಿದ ಕೈ ಗಾಳಿಯಲ್ಲೇ ಉಳಿಯಿತು, ಆಮೇಲೆ ಕೆಟ್ಟುಹೋದ ಫೋನಿನಲ್ಲಿ ಮಾತಾಡುವವನ ಹಾಗೆ ‘ಹಲೋ, ಹಲೋ’ ಎನ್ನತೊಡಗಿದ. ನಾಲ್ಕು ದಿನಗಳ ನಂತರ ಅವನಿಗೂ ಅವನ ಹೆಂಡತಿಗೂ ಗುಂಡಿಕ್ಕಿದರು. ಸದ್ದಾಂ ಹುಸೇನ್ 2003ರಲ್ಲಿ ಸಿಕ್ಕಿದ್ದು ನೆಲದೊಳಗಿನ ಒಂದು ಗುಂಡಿಯಲ್ಲಿ; ಗಡಾಫಿ 2011ರಲ್ಲಿ ಅಡಗಿದ್ದು ಚರಂಡಿಯ ಕೊಳವೆಯಲ್ಲಿ. ವೈಶಂಪಾಯನ ಸರೋವರ ಬತ್ತುತ್ತ ಬತ್ತುತ್ತ ಇಲ್ಲಿಗೆ ಬಂದು ಮುಟ್ಟಿತು.

ಆದರೆ ಒಬ್ಬನ ಬೆವರಿನಿಂದ ನಾಟಕ ನಡೆಯುವುದಿಲ್ಲ. ಸುತ್ತ ನಿಂತವರಿಲ್ಲದೆ ಯಾವನೂ ಸರ್ವಾಧಿಕಾರಿಯಾಗಲಾರ. 1979ರ ಜುಲೈ 22ರಂದು, ಇರಾಕಿನ ಅಧ್ಯಕ್ಷನಾಗಿ ವಾರ ಕಳೆಯುವಷ್ಟರಲ್ಲಿ, ಸದ್ದಾಂ ತನ್ನ ಪಕ್ಷದ ಮುಖಂಡರ ಸಭೆ ಕರೆದ. ಕ್ಯಾಮೆರಾ ಓಡುತ್ತಿತ್ತು, ಅವನು ಚುಟ್ಟಾ ಸೇದುತ್ತಿದ್ದ. ಸಭೆಯೊಳಗೇ ದ್ರೋಹಿಗಳಿದ್ದಾರೆಂದು ಘೋಷಿಸಿ ಒಬ್ಬೊಬ್ಬರದೇ ಹೆಸರು ಓದಿಸಿದ. ಓದಿದ ಹಾಗೆಲ್ಲ ಒಬ್ಬೊಬ್ಬರನ್ನೇ ಎಬ್ಬಿಸಿ ಹೊರಗೆ ಒಯ್ದರು, ಹೀಗೆ ಹೋದವರು ಅರವತ್ತಕ್ಕೂ ಹೆಚ್ಚು. ಉಳಿದವರು ಎದ್ದೆದ್ದು ನಿಂತು ಅವನಿಗೆ ಜಯಕಾರ ಹಾಕತೊಡಗಿದರು. ಮುಂದೆ 22 ಜನರಿಗೆ ಮರಣದಂಡನೆಯಾಯಿತು. ಆ ಚಿತ್ರಣವನ್ನು ಎಲ್ಲರೂ ನೋಡಲೆಂದೇ ಹಂಚಿದರು. ಇದನ್ನು ತಂಡದವರಿಗೆ ಹೇಳಿ, ಹೊಂಡದ ದರ್ಬಾರಿನ ದೃಶ್ಯಕ್ಕೆ ಒಂದು ತಾಲೀಮು ಮಾಡಿಸಿದೆ. ಗುಮಾಸ್ತನ ಪಾತ್ರದವನು ಮಂತ್ರಿಗಳ ಹೆಸರನ್ನು ನಿಧಾನವಾಗಿ ಓದಬೇಕು, ತನ್ನ ಹೆಸರು ಬಾರದವರು ಚಪ್ಪಾಳೆ ತಟ್ಟಬೇಕು. ಮೊದಮೊದಲು ಎಲ್ಲರೂ ನಗುತ್ತಲೇ ತಟ್ಟಿದರು. ಐದಾರು ಹೆಸರು ಆದ ಮೇಲೆ ಉಳಿದವರ ಚಪ್ಪಾಳೆ ತಾನಾಗಿಯೇ ಜೋರಾಯಿತು. ಔಷಧದ ಅಂಗಡಿಯವರು ಗುಮಾಸ್ತನ ಕಣ್ಣು ತಪ್ಪಿಸಿ ಪಕ್ಕದವರ ಕೈಗಳನ್ನೇ ನೋಡುತ್ತ, ಅವರಿಗಿಂತ ಒಂದು ಪೆಟ್ಟು ಹೆಚ್ಚು ಬೀಳುವಂತೆ ತಟ್ಟುತ್ತಿದ್ದರು. ಹಾಗೆ ಮಾಡಲು ನಾನು ಯಾರಿಗೂ ಹೇಳಿರಲಿಲ್ಲ.

ಇದರಿಂದಾಗಿ ದೊರೆಯ ಪಾತ್ರ ಯಾರಿಗೆ ಎಂಬ ಪ್ರಶ್ನೆಯೂ ಇತ್ಯರ್ಥವಾಯಿತು. ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳನ್ನು ನೋಡಿ ಬೆಳೆದ ನಮಗೆ ಖಳನಾಯಕನೆಂದರೆ ಗಿರಿಜಾ ಮೀಸೆ, ಕೆಂಪುಗಣ್ಣು, ರೇಶಿಮೆಯ ಜುಬ್ಬಾ, ತೊಡೆ ತಟ್ಟಿ ಹಾಕುವ ಗಹಗಹ ನಗು. ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ ಕಂಬಾರರ ‘ಜೋಕುಮಾರಸ್ವಾಮಿ’ 1972ರಷ್ಟು ಹಿಂದೆಯೇ ಆ ಅಚ್ಚನ್ನು ಒಡೆದಿತ್ತು. ಅಲ್ಲಿಯ ಗೌಡ ಬಂದೂಕು ಹಿಡಿದು ಊರನ್ನೆಲ್ಲ ನಡುಗಿಸುತ್ತಾನೆ, ಆದರೆ ಮನೆಯೊಳಗೆ ಅವನ ಗಂಡಸುತನಕ್ಕೆ ಆ ಬಂದೂಕಿನ ಹೊರತು ಬೇರೆ ಆಧಾರವಿಲ್ಲ. ನನ್ನ ದೊರೆ ಔಷಧದ ಅಂಗಡಿಯವರು. ತೆಳುವಾದ ದೇಹ, ಮೆಲುದನಿ, ಪ್ರತಿಯೊಬ್ಬರ ಮನೆಯ ಕಾಯಿಲೆಯ ವಿವರ ಬಾಯಲ್ಲಿ. ‘ನಿಮ್ಮ ಅವ್ವಾರು ಆರಾಮ ಅದಾರೇನು?’ ಎಂದು ಅವರು ವಿಚಾರಿಸುವ ಧಾಟಿಯಲ್ಲಿಯೇ ದೊರೆ ಮಂತ್ರಿಗಳನ್ನು ವಿಚಾರಿಸಿದರೆ ಸಾಕು, ಮೀಸೆಯ ಅಗತ್ಯವಿಲ್ಲ.

ದೊರೆಗಳ ಮೇಲೆ ನಗುವುದಕ್ಕೆ ಜನ ತೆತ್ತ ಬೆಲೆಯನ್ನು ಲೆಕ್ಕ ಹಾಕಿದರೆ, ಊರ ಜಾತ್ರೆಯಲ್ಲಿ ಯಾರ ಹಂಗೂ ಇಲ್ಲದೆ ನಾಟಕ ಆಡುವ ನಾವು ಬಹಳ ಸುಖಿಗಳು. ರಷ್ಯದ ಕವಿ ಮಾಂಡೆಲ್‌ಸ್ಟಾಮ್ 1933ರ ನವೆಂಬರಿನಲ್ಲಿ ಸ್ಟಾಲಿನ್ನನ ಮೀಸೆಯನ್ನು ಜಿರಳೆಗೆ ಹೋಲಿಸಿ ಹದಿನಾರು ಸಾಲಿನ ಪದ್ಯ ಕಟ್ಟಿದ. ಕಾಗದದ ಮೇಲೆ ಬರೆಯುವ ಧೈರ್ಯವಿಲ್ಲದೆ ಆಪ್ತರಿಗೆ ಬಾಯಲ್ಲೇ ಹೇಳಿ ಕೇಳಿಸಿದ. ಕೇಳಿದವರಲ್ಲೊಬ್ಬರ ಮೂಲಕ ಸುದ್ದಿ ಹೋಗಿ 1934ರ ಮೇ ತಿಂಗಳಲ್ಲಿ ಸೆರೆಯಾದ. 1938ರ ಡಿಸೆಂಬರಿನಲ್ಲಿ ವ್ಲಾದಿವೊಸ್ತಾಕ್ ಬಳಿಯ ಕೈದಿಗಳ ಶಿಬಿರದಲ್ಲಿ ಸತ್ತ. ಸಿರಿಯಾದ ವ್ಯಂಗ್ಯಚಿತ್ರಕಾರ ಅಲಿ ಫರ್ಜಾತ್ ಆಗಿನ ಅಧ್ಯಕ್ಷ ಅಸಾದನ ಮೇಲೆ ಚಿತ್ರ ಬರೆದದ್ದಕ್ಕೆ 2011ರ ಆಗಸ್ಟಿನಲ್ಲಿ ಮುಸುಕುಧಾರಿಗಳು ಅವನನ್ನು ಹಿಡಿದು ಕೈಗಳನ್ನೇ ಮುರಿದರು. ನಮ್ಮಲ್ಲಿ 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದ ಎರಡೇ ತಿಂಗಳಿಗೆ ವ್ಯಂಗ್ಯಚಿತ್ರಗಳ ವಾರಪತ್ರಿಕೆ ‘ಶಂಕರ್ಸ್ ವೀಕ್ಲಿ’ ನಿಂತುಹೋಯಿತು. ಸರ್ವಾಧಿಕಾರಕ್ಕೆ ನಗು ಒಗ್ಗುವುದಿಲ್ಲ, ಹಿಟ್ಲರನ ಅಷ್ಟೂ ವರ್ಷಗಳಲ್ಲಿ ಒಂದು ಒಳ್ಳೆಯ ಪ್ರಹಸನವಾಗಲಿ ವ್ಯಂಗ್ಯಚಿತ್ರವಾಗಲಿ ಹುಟ್ಟಲಿಲ್ಲ ಎಂಬ ಅರ್ಥದ ಮಾತನ್ನು ಅದರ ಕೊನೆಯ ಸಂಪಾದಕೀಯ ಹೇಳಿತ್ತು. ಅಚ್ಚಾದ ಹಾಸ್ಯದ ಮಟ್ಟಿಗೆ ಅದು ಸರಿಯಿರಬಹುದು. ಪಿಸುಮಾತಿನ ಹಾಸ್ಯ ಮಾತ್ರ ನಾಜಿ ಜರ್ಮನಿಯಲ್ಲೂ ನಿಂತಿರಲಿಲ್ಲ, ಅದನ್ನು ಹಿಡಿಯಲೆಂದೇ 1934ರಲ್ಲಿ ಒಂದು ಕಾಯಿದೆ ಮಾಡಬೇಕಾಯಿತು. ನನ್ನ ಸಾರಥಿಯ ಮಾತುಗಳಲ್ಲಿ ಅರ್ಧದಷ್ಟನ್ನು ಪಿಸುದನಿಯಲ್ಲಿ ಇಟ್ಟಿರುವುದು ಇದೇ ಕಾರಣಕ್ಕೆ. ಮುಂದಿನ ಸಾಲಿನಲ್ಲಿ ಕೂತವರು ಕೇಳಿ ನಗಬೇಕು, ಹಿಂದಿನವರು ಏನಂತೆ ಏನಂತೆ ಎಂದು ಅವರನ್ನು ಕೇಳಬೇಕು.

ಉಳಿದಿರುವುದು ಮುಕ್ತಾಯ. ಅಮೀನಗಡದ ಕರದಂಟು ದೊರೆಯ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವನ ಮೈ ಮುಟ್ಟಿದವರಿಗೆ ಮರಣದಂಡನೆ ಎಂಬ ಕಾಯಿದೆ ಇರುವುದರಿಂದ ಬೆನ್ನ ಮೇಲೆ ಗುದ್ದಲು ಯಾರ ಅಪ್ಪಣೆ ಬೇಕೆಂದು ಮಂತ್ರಿಗಳು ಚರ್ಚಿಸುತ್ತಾರೆ. ಕಾಯಿದೆಗೆ ತಿದ್ದುಪಡಿ ತರುವ ಹೊತ್ತಿಗೆ ಅವನು ಸತ್ತಿರುತ್ತಾನೆ, ಆದರೆ ಸತ್ತ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಹೀಗಾಗಿ ನೀರಿನಲ್ಲಿ ಕೂತ ಹೆಣದ ಹೆಸರಿನಲ್ಲಿ ಆಜ್ಞೆಗಳು ಹೊರಡುತ್ತಲೇ ಇರುತ್ತವೆ, ರುಮಾಲಿನ ಉದ್ದ ಮೊಳದಿಂದ ಮೊಳಕ್ಕೆ ಬೆಳೆಯುತ್ತದೆ. ನಾನು ನಾಟಕವನ್ನು ಅಲ್ಲಿಗೇ ನಿಲ್ಲಿಸಿದ್ದೆ. ದೊಡ್ಡಾಟವೆಂದ ಮೇಲೆ ಮಂಗಳ ಹಾಡದೆ ತೆರೆ ಎಳೆಯಬಾರದು, ಅದು ಕಲಾವಿದರಿಗೂ ಊರಿಗೂ ಒಳ್ಳೆಯದಲ್ಲ ಎಂದು ಹಿರಿಯರು ಪಟ್ಟು ಹಿಡಿದರು. ಕಡೆಗೆ ನಡುಮಧ್ಯದ ದಾರಿ ಸಿಕ್ಕಿದ್ದು ಅವರಿಂದಲೇ: ಹಿಮ್ಮೇಳ ಮಂಗಳ ಹಾಡುತ್ತದೆ, ಮಂತ್ರಿಗಳು ಆರತಿ ಎತ್ತುತ್ತಾರೆ, ಆದರೆ ಆರತಿ ದೇವರಿಗೋ ದೊರೆಗೋ ಎಂಬುದನ್ನು ಯಾರೂ ಹೇಳುವುದಿಲ್ಲ. ನನಗೆ ಇದು ಒಪ್ಪಿಗೆಯಾಗಿದೆ.

ಇನ್ನು ಹೊಂಡದ ನೀರಿನ ಸಮಸ್ಯೆ. ಇಬ್ಬರು ಹುಡುಗರು ಎರಡು ಕಡೆ ಹಿಡಿದು ಅಲ್ಲಾಡಿಸಲು ಅಗಲವಾದ, ಸರಿಯಾದ ನೀಲಿ ಬಣ್ಣದ ಇಳಕಲ್ ಸೀರೆ ಬೇಕಾಗಿದೆ. ನಮ್ಮ ತಂಡದವರ ಮನೆಗಳಲ್ಲಿ ಅಂಥ ಸೀರೆಗಳು ಇದ್ದೇ ಇವೆ, ಕೊಡುವುದಕ್ಕೆ ಇನ್ನೂ ಯಾವ ಮನೆಯವರೂ ಒಪ್ಪಿಲ್ಲ.